ಕಾವೇರಿ ಮೇಲೆ ಜೋಡಿ ಪಯಣ: ಅರ್ಧ ತೆಪ್ಪ, ಅರ್ಧ ರಸ್ತೆ

ಗಂಡ-ಹೆಂಡತಿ ಇಬ್ಬರೇ ನೀರ ಮೇಲೆ ತೇಲುತ್ತಾ, ಊರೂರಲ್ಲಿ ಇಳಿದು ಸುತ್ತಾಡೋ ಆಸೆನಾ? ಕೊಳ್ಳೇಗಾಲದ ಕಡೆ ಬನ್ನಿ. ಇಲ್ಲಿ ಕ್ರೂಸ್ ಇಲ್ಲ, ತೆಪ್ಪ ಇದೆ!

ಶಿವನಸಮುದ್ರದಲ್ಲಿ ಕಾವೇರಿ ಕವಲೊಡೆದು ಗಗನಚುಕ್ಕಿ, ಭರಚುಕ್ಕಿಯಾಗಿ ಧುಮುಕುತ್ತಾಳೆ. ಅಲ್ಲಿನ ಬಂಡೆಗಳ ನಡುವೆ ದೊಡ್ಡ ದೋಣಿ ಸಾಗಲ್ಲ. ಅದಕ್ಕೇ ಪಯಣ ಅರ್ಧ ತೆಪ್ಪದಲ್ಲಿ, ಅರ್ಧ ರಸ್ತೆಯಲ್ಲಿ.

ಮೊದಲು ತಲಕಾಡು, ಗಂಗರ ರಾಜಧಾನಿ. ಮರಳಲ್ಲಿ ಹುದುಗಿದ್ದ ಗುಡಿಗಳನ್ನು ನೋಡಿ, ಹೊಳೆದಂಡೆಗೆ ಬಂದು ತೆಪ್ಪ ಹತ್ತಿ. ತಳ ದುಂಡಗೆ, ಮುಂದು ಹಿಂದು ಅಂತ ಇಲ್ಲ. ಇಬ್ಬರೂ ಎದುರುಬದುರು ಕೂರಿ. ಒಂದೇ ಕಡೆ ಕೂತರೆ ವಾಲುತ್ತೆ. ಅಂಬಿಗ ಒಂದೇ ಬದಿ ಹುಟ್ಟು ಹಾಕಿದರೆ ತೆಪ್ಪ ಬುಗುರಿ ಥರ ಗಿರಗಿರ!

ಆಮೇಲೆ ಶಿವನಸಮುದ್ರ. ಗುಡಿಯಲ್ಲಿ ಮಧ್ಯರಂಗನ ದರ್ಶನ ಮುಗಿಸಿ ಜಲಪಾತ ನೋಡಿ. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಗಿದ್ದು ಇಲ್ಲಿಂದಲೇ.

ಕೊನೆಗೆ ಹನೂರು, ಮಲೆ ಮಹದೇಶ್ವರ ಬೆಟ್ಟ ದಾಟಿ ಹೊಗೆನಕಲ್. ಎರಡೂ ಕಡೆ ಕಲ್ಲಿನ ಗೋಡೆ, ನಡುವೆ ನಿಮ್ಮ ತೆಪ್ಪ.

ನೆನಪಿರಲಿ: ಕೆಆರ್‌ಎಸ್, ಕಬಿನಿ ಅಣೆಕಟ್ಟುಗಳಿಂದ ಹೆಚ್ಚು ನೀರು ಬಿಟ್ಟಾಗ ತೆಪ್ಪ ಬಂದ್. ಹೊರಡೋ ಮುಂಚೆ ವಿಚಾರಿಸಿ. ಲೈಫ್ ಜಾಕೆಟ್ ಇಲ್ಲದೆ ಹತ್ತಲೇಬೇಡಿ.