ಮಗ್ಗದ ಮೋಟರ್ ಹಾಕಿದರೆ ಇಂಟರ್ನೆಟ್ ಹೋಗುವುದೇಕೆ?

ಪ್ರಶ್ನೆ: ನಮ್ಮ ಮನೆಗೆ ಫೈಬರ್ ಇಂಟರ್ನೆಟ್ ಇದೆ. ಪಕ್ಕದ ಷೆಡ್ಡಿನಲ್ಲಿ ವಿದ್ಯುತ್ ಮಗ್ಗ ಶುರು ಮಾಡಿದಾಗಲೆಲ್ಲ ನೆಟ್ ಹೋಗಿ, ಸ್ವಲ್ಪ ಹೊತ್ತಿನ ಮೇಲೆ ತಾನೇ ಬರುತ್ತದೆ. ಏಕೆ?
– ಓದುಗರೊಬ್ಬರು, ನಂಗವಳ್ಳಿ, ಸೇಲಂ ಜಿಲ್ಲೆ

ಉತ್ತರ: ಫೈಬರಿನಲ್ಲಿ ಹರಿಯುವುದು ಬೆಳಕು, ಮೋಟರು ಅದನ್ನು ಕೆಡಿಸಲಾರದು. ತೊಂದರೆ ಇರುವುದು ಬಹುಶಃ ರೂಟರಿಗೆ ಬರುವ ವಿದ್ಯುತ್ತಿನಲ್ಲಿ.

ನಿಂತ ಮೋಟರು ತಿರುಗಲು ಶುರುವಾಗುವಾಗ, ಓಡುವಾಗ ಬೇಕಾದದ್ದರ ಹಲವು ಪಟ್ಟು ಕರೆಂಟು ಎಳೆಯುತ್ತದೆ. ಕೆಳಗಿನ ದೊಡ್ಡ ನಲ್ಲಿ ತೆರೆದರೆ ಮೇಲಿನ ನಲ್ಲಿಯ ನೀರು ಸಣ್ಣಗಾಗುವಂತೆ, ಅದೇ ಲೈನಿನಲ್ಲಿರುವ ಮನೆಯ ವೋಲ್ಟೇಜು ಒಂದು ಕ್ಷಣ ಕುಸಿಯುತ್ತದೆ. ಅಡಾಪ್ಟರ್ ಹಳೆಯದಾಗಿದ್ದರೆ ಅಥವಾ ಪ್ಲಗ್ಗು ಸಡಿಲವಿದ್ದರೆ ರೂಟರ್ ಆರಿಹೋಗುತ್ತದೆ. ಮತ್ತೆ ಹೊತ್ತಿಕೊಂಡು ಕಂಪನಿಯ ಜಾಲಕ್ಕೆ ಸೇರಲು ಒಂದೆರಡು ನಿಮಿಷ ಬೇಕು.

ಖಚಿತಪಡಿಸಿಕೊಳ್ಳಲು, ಮಗ್ಗ ಶುರು ಮಾಡುವಾಗ ರೂಟರಿನ ದೀಪಗಳನ್ನು ನೋಡಿ. ಎಲ್ಲವೂ ಒಟ್ಟಿಗೆ ಆರಿ ಹೊತ್ತಿದರೆ ಅದು ವಿದ್ಯುತ್ತಿನ ದೋಷ. ಪವರ್ ದೀಪ ಉರಿಯುತ್ತಿದ್ದು, ‘ಎಲ್‌ಒಎಸ್’ ದೀಪ ಕೆಂಪಾದರೆ ಬೆಳಕು ಬರುತ್ತಿಲ್ಲ: ಫೈಬರ್ ಮಡಿಚಿರಬಹುದು ಅಥವಾ ತುಂಡಾಗಿರಬಹುದು, ಕಂಪನಿಗೆ ದೂರು ಕೊಡಿ. ದೀಪಗಳೆಲ್ಲ ಸರಿಯಿದ್ದು, ರೂಟರ್ ಹತ್ತಿರ ನೆಟ್ ಸಿಕ್ಕಿ ಒಳಕೋಣೆಯಲ್ಲಿ ಸಿಗದಿದ್ದರೆ, ವೈಫೈಗೆ ಗೋಡೆ ಅಡ್ಡವಾಗಿದೆ. ರೂಟರನ್ನು ಮನೆಯ ನಡುವೆ, ಎತ್ತರದಲ್ಲಿಡಿ.

ದೋಷ ವಿದ್ಯುತ್ತಿನದೇ ಆದರೆ ಮೊದಲು ಪ್ಲಗ್ಗು ಮತ್ತು ಅಡಾಪ್ಟರ್ ಬದಲಿಸಿ ನೋಡಿ. ಆಗಲೂ ಆಗದಿದ್ದರೆ ರೂಟರಿಗೆ ಸಣ್ಣ ಯುಪಿಎಸ್ ಹಾಕಿ. ಅದರ ವೋಲ್ಟ್ ರೂಟರಿನದಕ್ಕೆ ಸರಿಹೊಂದಿರಲಿ, ಆಂಪಿಯರ್ ಕಡಿಮೆಯಿರದಿರಲಿ. ದೀಪಗಳೂ ಮಂಕಾಗಿ, ಫ್ಯಾನುಗಳೂ ನಿಧಾನವಾಗುತ್ತಿದ್ದರೆ ಎಲೆಕ್ಟ್ರಿಷಿಯನ್‌ಗೆ ವೈರಿಂಗ್ ತೋರಿಸಿ. ಸಡಿಲ ಜೋಡಣೆ ಬಿಸಿಯಾಗಿ ಬೆಂಕಿಗೂ ಕಾರಣವಾಗಬಹುದು.