ಹಳೆಯ ಹಾಯಿನೌಕೆಗಳ ಪ್ರೊಪೆಲರು, ದಂಡ ಮತ್ತು ಎಂಜಿನುಗಳ ಪರೀಕ್ಷೆ

ಹಾಯಿನೌಕೆಗೆ ಗಾಳಿಯೇ ಚಾಲಕಶಕ್ತಿ ಎಂಬುದು ಸರ್ವವಿದಿತ. ಆದರೂ ಬಂದರಿನ ಇಕ್ಕಟ್ಟಾದ ಬಾಯನ್ನು ದಾಟುವಾಗ, ಗಾಳಿ ನಿಂತುಹೋದಾಗ, ಅಥವಾ ಗಾಳಿಯು ನೌಕೆಯನ್ನು ಬಂಡೆಗಳ ಕಡೆಗೆ ತಳ್ಳುತ್ತಿರುವಾಗ ಸಣ್ಣದೊಂದು ಎಂಜಿನಿನ ನೆರವು ಬೇಕಾಗುತ್ತದೆ. ವರ್ಷದಲ್ಲಿ ಕೆಲವೇ ಗಂಟೆಗಳ ಕಾಲ ಓಡುವ ಈ ಎಂಜಿನು, ಓಡಲೇಬೇಕಾದ ಗಳಿಗೆಯಲ್ಲಿ ಓಡದಿದ್ದರೆ ನೌಕೆಗೂ ಅದರಲ್ಲಿರುವವರಿಗೂ ಅಪಾಯ ತಪ್ಪಿದ್ದಲ್ಲ.

ಅಮೆರಿಕ, ಬ್ರಿಟನ್ನುಗಳಲ್ಲಿ ೧೯೬೦ ಮತ್ತು ೧೯೭೦ರ ದಶಕಗಳಲ್ಲಿ ಫೈಬರ್‌ಗ್ಲಾಸಿನಿಂದ ಕಟ್ಟಿದ ವಿಹಾರನೌಕೆಗಳು ಇಂದಿಗೂ ಬಹುಸಂಖ್ಯೆಯಲ್ಲಿ ಬಳಕೆಯಲ್ಲಿವೆ. ಅವುಗಳ ಒಡಲು ಗಟ್ಟಿಯಾಗಿಯೇ ಇದ್ದು, ಒಳಗಿನ ಯಂತ್ರಭಾಗಗಳು ಮಾತ್ರ ಮುಪ್ಪಾಗಿರುವುದು ಸಾಮಾನ್ಯ. ಅಂತಹ ನೌಕೆಯನ್ನು ಕೊಳ್ಳುವವರು ಮೊದಲು ಎಂಜಿನಿನ ಸದ್ದಿಗೆ ಕಿವಿಗೊಡುತ್ತಾರೆ. ಪರೀಕ್ಷೆಯು ಇದಕ್ಕೆ ವಿಪರೀತವಾದ ಕ್ರಮದಲ್ಲಿ, ಅಂದರೆ ನೀರಿನೊಳಗಿರುವ ಪ್ರೊಪೆಲರಿನಿಂದ ಆರಂಭಿಸಿ ದಂಡದ ಮೂಲಕ ಎಂಜಿನಿನ ಕಡೆಗೆ ಸಾಗತಕ್ಕದ್ದು ಎಂಬುದು ನಮ್ಮ ಅಭಿಪ್ರಾಯ. ಇದಕ್ಕೆ ಎರಡು ಕಾರಣಗಳಿವೆ. ಎಂಜಿನು ಕೆಟ್ಟರೆ ಹಾಯಿಯಾದರೂ ಉಳಿಯುತ್ತದೆ. ದಂಡವು ಕಳಚಿ ಹೊರಕ್ಕೆ ಜಾರಿದರೆ ಆ ರಂಧ್ರದಿಂದ ಕಡಲೇ ಒಳಕ್ಕೆ ನುಗ್ಗುತ್ತದೆ. ಇದು ಮೊದಲನೆಯದು. ಎಂಜಿನಿನಲ್ಲಿ ತೋರುವ ಅನೇಕ ದೋಷಗಳ ಮೂಲವು ಪ್ರೊಪೆಲರಿನಲ್ಲಿಯೋ ದಂಡದಲ್ಲಿಯೋ ಇರುತ್ತದೆ. ಇದು ಎರಡನೆಯದು.

ವಿವರಣೆಗೆ ಒಂದು ನಿದರ್ಶನವನ್ನು ತೆಗೆದುಕೊಳ್ಳೋಣ. ಅಮೆರಿಕದ ಪಿಯರ್ಸನ್ ಸಂಸ್ಥೆಯು ಕಾರ್ಲ್ ಆಲ್ಬರ್ಗ್ ಎಂಬ ವಿನ್ಯಾಸಕಾರನ ನಕ್ಷೆಯಂತೆ ೧೯೫೯ರಲ್ಲಿ ‘ಟ್ರೈಟನ್’ ಎಂಬ ನೌಕೆಯನ್ನು ಹೊರತಂದಿತು. ಇದರ ಉದ್ದ ೨೮½ ಅಡಿ; ನೀರಿನ ಮಟ್ಟದಲ್ಲಿ ೨೦½ ಅಡಿ. ಇಂತಹ ನೌಕೆಗಳಲ್ಲಿ ಹೇರಳವಾಗಿ ಕಂಡುಬರುವುದು ‘ಅಟಾಮಿಕ್ ಫೋರ್’ ಎಂಬ ನಾಲ್ಕು ಸಿಲಿಂಡರುಗಳ ಪೆಟ್ರೋಲ್ ಎಂಜಿನು. ಯೂನಿವರ್ಸಲ್ ಸಂಸ್ಥೆಯು ೧೯೪೭ರಿಂದ ೧೯೮೦ರ ದಶಕದ ಮಧ್ಯಭಾಗದವರೆಗೆ ಇದನ್ನು ತಯಾರಿಸಿತು. ಇದರ ಹೆಸರಿಗೂ ಪರಮಾಣು ಶಕ್ತಿಗೂ ಯಾವ ಸಂಬಂಧವೂ ಇಲ್ಲ.

ಪ್ರೊಪೆಲರು

ಪ್ರೊಪೆಲರಿನ ಅಳತೆಯನ್ನು ಎರಡು ಸಂಖ್ಯೆಗಳಿಂದ ಹೇಳುವುದು ವಾಡಿಕೆ: ಮೊದಲನೆಯದು ವ್ಯಾಸ, ಎರಡನೆಯದು ಪಿಚ್ಚು. ಪಿಚ್ಚು ಎಂದರೆ ನಮ್ಮ ಪ್ರಯೋಗಶಾಲೆಗಳ ಸ್ಕ್ರೂಗೇಜಿನಲ್ಲಿರುವಂತೆ, ಒಂದು ಸುತ್ತಿಗೆ ತಿರುಪು ಮುಂದುವರಿಯಬೇಕಾದ ದೂರ. ಪಿಚ್ಚು ೭ ಅಂಗುಲವಿದ್ದು ದಂಡವು ನಿಮಿಷಕ್ಕೆ ೧,೫೦೦ ಸುತ್ತು ತಿರುಗಿದರೆ, ನಿಮಿಷಕ್ಕೆ ೮೭೫ ಅಡಿಯ, ಅಂದರೆ ಗಂಟೆಗೆ ಸುಮಾರು ೮·೬ ನಾವಿಕ ಮೈಲಿಗಳ ವೇಗ ದೊರೆಯಬೇಕು. ನೀರು ಘನವಸ್ತುವಲ್ಲದ ಕಾರಣ ನೌಕೆಯು ೫ ನಾವಿಕ ಮೈಲಿಗಳಷ್ಟೇ ಸಾಗುತ್ತದೆ ಎಂದುಕೊಳ್ಳೋಣ. ಆಗ ಜಾರಿಕೆ ಶೇಕಡ ೪೨ರಷ್ಟಾಯಿತು. ಇಂತಹ ನೌಕೆಗಳಲ್ಲಿ ಇಷ್ಟು ಜಾರಿಕೆ ಅಸಹಜವೇನೂ ಅಲ್ಲ.

ಪಿಚ್ಚು ಅತಿಯಾಗಿದ್ದರೆ ಎಂಜಿನು ತನ್ನ ನಿಯತ ಸುತ್ತುಗಳನ್ನು ಮುಟ್ಟಲಾರದೆ ಏದುತ್ತದೆ. ಡೀಸೆಲ್ ಎಂಜಿನಾದರೆ ಕಪ್ಪು ಹೊಗೆ ಉಗುಳುತ್ತದೆ. ಅಲಗುಗಳ ಮೇಲೆ ಚಿಪ್ಪುಜೀವಿಗಳು ಬೆಳೆದಾಗಲೂ ಇದೇ ಲಕ್ಷಣಗಳು ತೋರುತ್ತವೆ. ಈ ಲಕ್ಷಣಗಳನ್ನು ಕಂಡು ಎಂಜಿನಿಗೆ ಮುಪ್ಪು ಬಂದಿತೆಂದು ತೀರ್ಮಾನಿಸುವವರುಂಟು. ಅಲಗುಗಳನ್ನು ಕೆರೆದು ಶುಚಿಗೊಳಿಸಿದ ಮೇಲೆ, ಶಾಂತವಾದ ನೀರಿನಲ್ಲಿ ಪೂರ್ಣ ವೇಗದಲ್ಲಿ ಓಡಿಸಿ ಸುತ್ತುಗಳನ್ನು ಎಣಿಸುವವರೆಗೆ ಆ ತೀರ್ಮಾನಕ್ಕೆ ಆಧಾರವಿಲ್ಲ.

ಇನ್ನು ಲೋಹದ ವಿಚಾರ. ‘ಮ್ಯಾಂಗನೀಸ್ ಕಂಚು’ ಎಂದು ಕರೆಯುವ ಪ್ರೊಪೆಲರಿನ ಲೋಹವು ವಾಸ್ತವವಾಗಿ ಕಂಚಲ್ಲ. ಹೆಚ್ಚು ಸತುವುಳ್ಳ ಒಂದು ಬಗೆಯ ಹಿತ್ತಾಳೆ. ಕಡಲನೀರಿನಲ್ಲಿ ಈ ಸತುವು ಮೆಲ್ಲಮೆಲ್ಲನೆ ಕರಗಿಹೋಗಿ, ಆಕಾರ ಕೆಡದಿದ್ದರೂ ಬಲಹೀನವಾದ ತಾಮ್ರದ ಜಾಳು ಉಳಿಯುತ್ತದೆ. ಇದನ್ನು ಗುರುತಿಸುವುದು ಕಷ್ಟವಲ್ಲ. ಅಲಗನ್ನು ಸ್ವಲ್ಪ ಉಜ್ಜಿದಾಗ ಹೊಂಬಣ್ಣ ಕಂಡರೆ ಲೋಹ ಆರೋಗ್ಯವಾಗಿದೆ. ನಸುಗೆಂಪು ಕಂಡರೆ ಸತುವು ಹೋಗಿದೆ. ಮೆಲ್ಲಗೆ ಬಡಿದಾಗ ಗಂಟೆಯಂತೆ ಅನುರಣಿಸುವುದು ಒಳ್ಳೆಯ ಲೋಹ. ಮಂಕಾದ ಸದ್ದು ಬಂದರೆ ಸಂಶಯಪಡತಕ್ಕದ್ದು.

ಸತುವಿನ ಕಾವಲು

ಈ ಸವೆತವನ್ನು ತಡೆಯಲು ದಂಡದ ಮೇಲೆ ಸತುವಿನ ಗುಂಡೊಂದನ್ನು ಬಿಗಿಯುವುದುಂಟು. ಇದರ ತತ್ತ್ವವನ್ನು ಸರ್ ಹಂಫ್ರಿ ಡೇವಿಯು ೧೮೨೪ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದಿಟ್ಟನು. ಬ್ರಿಟಿಷ್ ಯುದ್ಧನೌಕೆಗಳ ತಳಕ್ಕೆ ಹೊದಿಸಿದ್ದ ತಾಮ್ರದ ತಗಡಿಗೆ ಸತುವು ಅಥವಾ ಕಬ್ಬಿಣದ ತುಂಡುಗಳನ್ನು ತಗುಲಿಸಿದರೆ, ತುಂಡು ತಾನು ಕರಗಿ ತಾಮ್ರವನ್ನು ಉಳಿಸುತ್ತದೆ ಎಂಬುದು ಅವನ ಸಿದ್ಧಾಂತ. ಅದು ನಿಜವೇ ಆಯಿತು. ಆದರೆ ತಾಮ್ರವು ಕರಗುವುದು ನಿಂತಾಗ, ಅದರ ವಿಷಕ್ಕೆ ಅಂಜಿ ದೂರವಿದ್ದ ಚಿಪ್ಪುಜೀವಿಗಳು ತಳಕ್ಕೆ ಮುತ್ತಿಕೊಂಡವು. ಸತುವಿನ ರಕ್ಷಣೆ ಪಡೆದ ಪ್ರೊಪೆಲರಿಗೂ ಇದೇ ನ್ಯಾಯ ಅನ್ವಯಿಸುವುದರಿಂದ, ಅದನ್ನು ಆಗಾಗ ಕೆರೆಯುವ ಕೆಲಸ ತಪ್ಪುವುದಿಲ್ಲ.

ಸತುವು ಅರ್ಧ ಸವೆದಾಗ ಬದಲಿಸುವುದು ರೂಢಿ. ಅದಕ್ಕೆ ಬಣ್ಣ ಬಳಿಯಬಾರದು. ಬಹುಕಾಲ ನೀರಿನಲ್ಲಿದ್ದರೂ ಸತುವು ಹೊಸದರಂತೆಯೇ ಉಳಿದಿದ್ದರೆ ಸಂತೋಷಪಡಲು ಕಾರಣವಿಲ್ಲ. ದಂಡಕ್ಕೂ ಸತುವಿಗೂ ವಿದ್ಯುತ್ ಸಂಪರ್ಕ ತಪ್ಪಿದೆ, ಕಾವಲುಗಾರ ಕೆಲಸಮಾಡುತ್ತಿಲ್ಲ ಎಂದು ಅದರ ಅರ್ಥ.

ದಂಡ

ಶಾಫ್ಟು ಅಥವಾ ತಿರುಗುದಂಡವು ಹಳೆಯ ನೌಕೆಗಳಲ್ಲಿ ಕಂಚಿನದು. ಈಚಿನವುಗಳಲ್ಲಿ ಸ್ಟೇನ್‌ಲೆಸ್ ಉಕ್ಕಿನದು. ಸ್ಟೇನ್‌ಲೆಸ್ ಉಕ್ಕನ್ನು ಕಾಪಾಡುವುದು ಅದರ ಮೈಮೇಲಿನ ಕ್ರೋಮಿಯಂ ಆಕ್ಸೈಡಿನ ಅತಿ ತೆಳುವಾದ ಪೊರೆ. ಈ ಪೊರೆ ನವೀಕರಣಗೊಳ್ಳಲು ಆಮ್ಲಜನಕ ಬೇಕು. ದಂಡವು ಹಾದುಹೋಗುವ ಕೊಳವೆಯಲ್ಲಿ ನೀರು ಕದಲದೆ ನಿಂತಾಗ ಆಮ್ಲಜನಕ ತೀರಿಹೋಗಿ, ಕಣ್ಣಿಗೆ ಕಾಣದ ಜಾಗದಲ್ಲಿ ಆಳವಾದ ಕುಳಿಗಳು ಬೀಳುತ್ತವೆ. ಹೀಗಾಗಿ, ದುಡಿಯುತ್ತಿದ್ದ ನೌಕೆಯ ದಂಡಕ್ಕಿಂತ ಬಹುಕಾಲ ನೀರಿನಲ್ಲಿ ಸುಮ್ಮನೆ ನಿಂತಿದ್ದ ನೌಕೆಯ ದಂಡವೇ ಹೆಚ್ಚು ಕೆಟ್ಟಿರುವ ಸಂಭವವುಂಟು. ಹಳೆಯ ನೌಕೆಯ ದಂಡವನ್ನು ಒಮ್ಮೆ ಪೂರ್ತಿಯಾಗಿ ಹೊರಗೆಳೆದು ನೋಡಿದ ಹೊರತು ಅದರ ಸ್ಥಿತಿಯನ್ನು ಹೇಳಲಾಗದು.

ನೌಕೆ ದಡದ ಮೇಲಿರುವಾಗ ಪ್ರೊಪೆಲರನ್ನು ಹಿಡಿದು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಅಲುಗಿಸಬೇಕು. ೧ ಅಂಗುಲ ವ್ಯಾಸದ ದಂಡದಲ್ಲಿ ೧/೧೬ ಅಂಗುಲದಷ್ಟು ಅಲುಗಾಟ ಕಂಡರೆ ರಬ್ಬರಿನ ಒಳಪದರವುಳ್ಳ ಬೇರಿಂಗನ್ನು ಬದಲಿಸುವ ಕಾಲ ಬಂದಿತೆಂದು ತಿಳಿಯಬೇಕು. ದಂಡವು ಒಡಲನ್ನು ಪ್ರವೇಶಿಸುವಲ್ಲಿ, ಮೇಣ ಹಚ್ಚಿದ ನಾರಿನ ಹುರಿಯನ್ನು ತುರುಕಿದ ಒಂದು ಪೆಟ್ಟಿಗೆಯಿದೆ. ದಂಡ ತಿರುಗುವಾಗ ಇಲ್ಲಿ ನಿಮಿಷಕ್ಕೆ ಕೆಲವು ಹನಿ ನೀರು ಜಿನುಗುವುದು ದೋಷವಲ್ಲ. ಆ ಹನಿಗಳೇ ದಂಡವನ್ನು ತಂಪಾಗಿಡುತ್ತವೆ. ಒಂದು ಹನಿಯೂ ಬಾರದಂತೆ ಬಿಗಿದರೆ ಪೆಟ್ಟಿಗೆ ಕಾದು ದಂಡದ ಮೈಯಲ್ಲಿ ಗೀರುಗಳಾಗುತ್ತವೆ. ಪೆಟ್ಟಿಗೆಯನ್ನು ಹಿಡಿದಿರುವ ರಬ್ಬರ್ ಕೊಳವೆ ಮತ್ತು ಅದರ ಪಟ್ಟಿಗಳನ್ನು ವಿಶೇಷವಾಗಿ ನೋಡತಕ್ಕದ್ದು. ನೌಕೆ ತೇಲುವುದು ಇವುಗಳ ನಂಬಿಕೆಯ ಮೇಲೆ.

ದಂಡವೂ ಎಂಜಿನೂ ಕೂಡುವಲ್ಲಿ ಎರಡು ಚಪ್ಪಟೆ ಬಿಲ್ಲೆಗಳಿವೆ. ಇವುಗಳ ನಡುವಣ ಸಂದು ಸುತ್ತಲೂ ಸಮನಾಗಿರಬೇಕು. ಬಿಲ್ಲೆಯ ವ್ಯಾಸದ ಪ್ರತಿ ಅಂಗುಲಕ್ಕೆ ೧/೧೦೦೦ ಅಂಗುಲದ ವ್ಯತ್ಯಾಸವನ್ನು ಮಾತ್ರ ಸಹಿಸಬಹುದು. ೪ ಅಂಗುಲದ ಬಿಲ್ಲೆಗೆ ೪/೧೦೦೦ ಅಂಗುಲ. ಈ ಅಳತೆಯನ್ನು ನೌಕೆ ತೇಲುತ್ತಿರುವಾಗಲೇ ತೆಗೆದುಕೊಳ್ಳಬೇಕು. ಏಕೆಂದರೆ ದಡದ ಮೇಲೆ ಒಡಲಿನ ಆಕಾರ ತುಸು ಬದಲಾಗಿರುತ್ತದೆ. ಎಂಜಿನು ಕೂರುವ ರಬ್ಬರ್ ಪಾದಗಳು ಕುಸಿದರೆ ಈ ಹೊಂದಿಕೆ ಕೆಡುತ್ತದೆ. ಆಗ ಹುಟ್ಟುವ ನಡುಕವನ್ನು ಎಂಜಿನಿನ ದೋಷವೆಂದು ಭ್ರಮಿಸುವುದು ಸುಲಭ.

ಎಂಜಿನು

ಎಂಜಿನನ್ನು ತಣ್ಣಗಿರುವಾಗಲೇ ಚಾಲೂಮಾಡಿ ನೋಡಬೇಕು. ಮೊದಲೇ ಬಿಸಿಮಾಡಿದ ಎಂಜಿನು ತನ್ನ ಜಾಡ್ಯವನ್ನು ಮರೆಸುತ್ತದೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದ್ದರಿಂದ ನೌಕೆಯ ತಳದಲ್ಲಿ ಸೇರಿಕೊಳ್ಳುತ್ತದೆ. ಗಾಳಿಯಂತ್ರವನ್ನು ಕನಿಷ್ಠ ನಾಲ್ಕು ನಿಮಿಷ ಓಡಿಸಿ ಆವಿಯನ್ನು ಹೊರಹಾಕದೆ ಪೆಟ್ರೋಲ್ ಎಂಜಿನನ್ನು ಚಾಲೂಮಾಡಲೇಕೂಡದು.

ಪ್ರತಿ ಸಿಲಿಂಡರಿನ ಒತ್ತಡವನ್ನೂ ಅಳೆಯಬೇಕು. ಇಲ್ಲಿ ಅಂಕಿಗಿಂತ ಅಂಕಿಗಳ ಸಮಾನತೆ ಮುಖ್ಯ. ಅಕ್ಕಪಕ್ಕದ ಎರಡು ಸಿಲಿಂಡರುಗಳಲ್ಲಿ ಮಾತ್ರ ಒತ್ತಡ ಕುಗ್ಗಿದ್ದರೆ ಅವುಗಳ ನಡುವಣ ಗ್ಯಾಸ್ಕೆಟ್ ಒಡೆದಿರುವ ಸಂಭವ ಹೆಚ್ಚು. ಎಣ್ಣೆ ಹಾಲಿನಂತೆ ಬಿಳಿಚಿಕೊಂಡಿದ್ದರೆ ಅದರಲ್ಲಿ ನೀರು ಸೇರಿದೆ. ಕಡಲನೀರಿನಿಂದಲೇ ತಂಪಾಗುವ ಎಂಜಿನನ್ನು ಸುಮಾರು ೬೦ ಡಿಗ್ರಿ ಸೆಂಟಿಗ್ರೇಡಿನಲ್ಲಿ ಓಡಿಸುವುದು ರೂಢಿ. ಶಾಖ ಬಹಳ ಮೀರಿದರೆ ಲವಣಗಳು ಒಳಗೋಡೆಗೆ ಕಟ್ಟಿಕೊಳ್ಳುತ್ತವೆ. ಇಂತಹ ಎಂಜಿನು ಹೊರಗೆ ಎಷ್ಟೇ ಅಚ್ಚುಕಟ್ಟಾಗಿ ಕಂಡರೂ ಒಳಗಿನಿಂದ ತುಕ್ಕು ಹಿಡಿಯುತ್ತಿರುತ್ತದೆ.

ಎಂಜಿನನ್ನೇ ಬದಲಿಸುವ ವಿಚಾರ ಬಂದಾಗ ಇನ್ನೊಂದು ಲೆಕ್ಕ ನೆನಪಿನಲ್ಲಿರಲಿ. ನೀರನ್ನು ಸೀಳಿ ಸಾಗುವ ನೌಕೆಯ ಗರಿಷ್ಠ ವೇಗವು, ನೀರಿನ ಮಟ್ಟದ ಉದ್ದದ ವರ್ಗಮೂಲವನ್ನು ೧·೩೪ರಿಂದ ಗುಣಿಸಿದಷ್ಟು. ಟ್ರೈಟನ್ನಿಗೆ ಇದು ಸುಮಾರು ೬ ನಾವಿಕ ಮೈಲಿಗಳು. ಎಂಜಿನಿನ ಬಲವನ್ನು ಇಮ್ಮಡಿಸಿದರೂ ಈ ಮಿತಿಯನ್ನು ಹೆಚ್ಚಾಗಿ ಮೀರಲಾಗದು. ವ್ಯಯವಾಗುವುದು ಇಂಧನ, ಏಳುವುದು ಅಲೆ.

ಮಲ್ಪೆ, ಮಂಗಳೂರುಗಳ ಯಂತ್ರಚಾಲಿತ ಮೀನುಗಾರಿಕೆ ದೋಣಿಗಳಲ್ಲಿಯೂ ಪ್ರೊಪೆಲರು, ದಂಡ, ಎಂಜಿನುಗಳ ಸಂಬಂಧ ಇದೇ ಬಗೆಯದು. ಕಡಲನೀರಿನ ರಸಾಯನವೂ ಅದೇ. ಸದ್ದುಮಾಡುವ ಭಾಗವು ತನ್ನ ಕಷ್ಟವನ್ನು ತಾನೇ ಹೇಳಿಕೊಳ್ಳುತ್ತದೆ. ಸದ್ದಿಲ್ಲದೆ ನೀರಿನಲ್ಲಿ ಸವೆಯುವ ಭಾಗವನ್ನು ನಾವೇ ಹೋಗಿ ವಿಚಾರಿಸಬೇಕು. ಆದಕಾರಣ ಪರೀಕ್ಷೆಯು ಅಲ್ಲಿಂದಲೇ ಆರಂಭವಾಗುವುದು ಯುಕ್ತ.