ಐದಡಿ ದೂರದ ಫೋಟೊ

ಶ್ರೀರಾಂಪುರದ ನಮ್ಮ ಮನೆಯಿಂದ ಲಿಂಗಾಂಬುಧಿ ಕೆರೆವರೆಗೆ ದಿನಾ ನಡೆದು, ಡಾಕ್ಟರು ಹೇಳಿದಂತೆ ಉಂಡು, ಎರಡು ವರ್ಷದಲ್ಲಿ 28 ಕೆ.ಜಿ. ಇಳಿದೆ. ಮಂಡಿನೋವು ತಗ್ಗಿತು, ಸಕ್ಕರೆ ಹತೋಟಿಗೆ ಬಂತು. ಆದರೆ ಮೊಮ್ಮಗಳ ಹುಟ್ಟುಹಬ್ಬದಲ್ಲಿ ಅವಳು ತೆಗೆದ ಸೆಲ್ಫಿ ನೋಡಿ ಎದೆ ಧಸಕ್ಕೆಂದಿತು. ಜೋತುಬಿದ್ದ ಕತ್ತು, ಗುಳಿಬಿದ್ದ ಕೆನ್ನೆ, ಮುಖದ ತುಂಬ ಮೂಗು! ಹಿಂದೆ "ಸ್ವಲ್ಪ ಇಳೀರಿ" ಅಂದವರೇ ಈಗ "ಏನ್ರೀ ಕಾಯಿಲೆ?" ಅನ್ನುತ್ತಿದ್ದರು. ಫೋಟೊ ಎಂದರೆ ಸಾಕು, ಅಡುಗೆಮನೆ ಸೇರಿಕೊಳ್ಳುತ್ತಿದ್ದೆ.

"ಅಜ್ಜಿ, ನಾನೂ ನನ್ನ ಫೋಟೊ ಅಳಿಸಿಬಿಡ್ತೀನಿ, ಮೂಗು ದಪ್ಪ ಕಾಣತ್ತೆ" ಎಂದಳು ಒಂದು ದಿನ. ಎಂಟನೇ ಕ್ಲಾಸಿನ ಹುಡುಗಿ! ನನ್ನಿಂದಲೇ ಕಲಿತಳೇನೋ ಎಂದು ಸಂಕಟವಾಯಿತು.

ಮಗ ಬಿಡಿಸಿ ಹೇಳಿದ. ಕ್ಯಾಮೆರಾ ತೀರಾ ಹತ್ತಿರವಿದ್ದರೆ ಮುಂದಿರುವ ಮೂಗು ದೊಡ್ಡದಾಗಿ, ಹಿಂದಿರುವ ಕಿವಿ ಚಿಕ್ಕದಾಗಿ ಕಾಣುತ್ತದೆ. 2018ರಲ್ಲಿ ಅಮೆರಿಕದ ವೈದ್ಯರು ಲೆಕ್ಕ ಹಾಕಿದ್ದಾರೆ: ಒಂದಡಿ ದೂರದ ಸೆಲ್ಫಿಯಲ್ಲಿ ಮೂಗು ಸುಮಾರು ಶೇ. 30ರಷ್ಟು ಅಗಲ ಕಾಣುತ್ತದೆ. ಐದಡಿ ದೂರದಿಂದ ತೆಗೆದರೆ ಈ ಮೋಸವಿಲ್ಲ.

ನನ್ನ ಕತ್ತಿಗೆ ಮಾತ್ರ ಐದಡಿಯೂ ಮದ್ದಲ್ಲ. ವರ್ಷಗಟ್ಟಲೆ ಹಿಗ್ಗಿದ್ದ ಚರ್ಮ ಈ ವಯಸ್ಸಿಗೆ ಪೂರ್ತಿ ಬಿಗಿಯಾಗದು.

ಭಾನುವಾರ ಕೆರೆಯ ಬಳಿ ಇಬ್ಬರೂ ನಿಂತೆವು. ಮಗ ಐದಡಿ ಹಿಂದೆ ಸರಿದು ಕ್ಲಿಕ್ಕಿಸಿದ. ಕತ್ತು ಜೋತೇ ಇತ್ತು. ಮೊಮ್ಮಗಳು ಅಳಿಸಲಿಲ್ಲ, ನಾನೂ ಅಳಿಸು ಅನ್ನಲಿಲ್ಲ.